ಕಂಬದ ಮ್ಯಾಲಿನ ದೀಪ

ದೂರು ಬಂದ ಹೊತ್ತಿಗೆ ಇನ್‌ಸ್ಪೆಕ್ಟರ್ ಸೂರ್ಯಕಾಂತ ಕುರ್ಚಿಯಲ್ಲಿ ಕೂತಿರಲಿಲ್ಲ. ಕೂತು ಕೆಲಸ ಮಾಡುವ ಜಾತಿಯ ಮನುಷ್ಯನೇ ಅಲ್ಲ ಅವನು. ತೆಲುಗು ಗಡಿಸೀಮೆಯ ರಾಯಿಕೋಡ್ ಠಾಣೆಯ ವರಾಂಡದಲ್ಲಿ ಜೀಪಿನ ಕೀಲಿ ಆಡಿಸುತ್ತ ಆ ತುದಿಯಿಂದ ಈ ತುದಿಗೆ ಅಲೆಯುತ್ತಿದ್ದ. 2024ರ ಡಿಸೆಂಬರ್ 1, ಬೆಳಿಗ್ಗೆ ಏಳೂವರೆ. ಹಿಂದಿನ ರಾತ್ರಿ ಜಹೀರಾಬಾದಿನಿಂದ ಓಡಿ ಬಂದವನು ಹಿನ್ನೀರಿನ ದಂಡೆಯಲ್ಲೇ ಬೆಳಗು ಮಾಡಿದ್ದ. ಬೂಟಿನ ಕೆಸರು ಇನ್ನೂ ಒಣಗಿರಲಿಲ್ಲ.

ಆಗಿದ್ದು ಇಷ್ಟು. ಹೈದರಾಬಾದಿನ ಒಂದು ಪ್ರವಾಸಿ ಕಂಪನಿ ಮಂಜೀರಾ ಹಿನ್ನೀರಿನಲ್ಲಿ ನೀರಿನ ಮೇಲಿಂದ ಏಳುವ ವಿಮಾನ ತಂದಿತ್ತು. ಚಕ್ರದ ಜಾಗದಲ್ಲಿ ಎರಡು ಉದ್ದನೆಯ ತಗಡಿನ ದೋಣಿ, ಮೇಲೆ ನಾಲ್ಕು ಜನ ಕೂರುವ ಗೂಡು. ಹಗಲು ಹೊತ್ತಿನಲ್ಲಿ ಹಾರಿಸಲು ಮಾತ್ರ ಪರವಾನಗಿ. ನಿನ್ನೆ ಕತ್ತಲಾದ ಮೇಲೆ ಪೈಲಟ್ ಆತ್ಮಾರಾಮ ಒಬ್ಬನೇ ಅದನ್ನು ಎಬ್ಬಿಸಲು ಹೋದ. ನೀರಿನ ಮೇಲೆ ಓಡುತ್ತಿದ್ದ ವಿಮಾನ ಏನಕ್ಕೋ ಬಡಿದು ಮಗುಚಿತು. ಮೀನುಗಾರರು ಹೋಗಿ ಎಳೆಯುವಷ್ಟರಲ್ಲಿ ಅವನ ಉಸಿರು ನಿಂತಿತ್ತು.

ಕಂಪನಿಯ ಮ್ಯಾನೇಜರ್ ಶಿವಶಂಕರಪ್ಪ ರಾತ್ರಿಯೇ ಹೇಳಿಕೆ ಕೊಟ್ಟಿದ್ದ. ಪೈಲಟ್ ಕುಡಿದಿದ್ದ, ಬೇಡವೆಂದರೂ ಕೇಳದೆ ಹಾರಿಸಿದ, ವಿಮಾನಕ್ಕೆ ದಾರಿ ತೋರಿಸಲು ನೀರಿನ ಮೇಲೆ ದೀಪ ಹಾಕಿದ ದೋಣಿಯವನಾದ ದತ್ತು ಹಗೆಯಿಂದ ದೀಪಗಳನ್ನು ತಪ್ಪಾಗಿ ಇಟ್ಟಿದ್ದಾನೆ ಎಂದು. ಪೈಲಟ್‌ನ ಚೀಲದಲ್ಲಿ ಅರ್ಧ ಖಾಲಿಯಾದ ಬಾಟಲಿಯೂ ಸಿಕ್ಕಿತ್ತು. ದತ್ತು ಒಳಗಿನ ಕೋಣೆಯಲ್ಲಿ ಗೋಡೆಗೊರಗಿ ಕೂತಿದ್ದ. ಎಲ್ಲ ಎಷ್ಟು ಸರಾಗವಾಗಿತ್ತೆಂದರೆ ಸೂರ್ಯಕಾಂತನಿಗೆ ನಂಬಿಕೆ ಬರಲಿಲ್ಲ.

"ಸಾರ್, ಹೆಣ್ಮಗಳು ಬಂದಾಳ್ರಿ. ಪೈಲಟನ ಹೇಂತಿ. ತಾಂಡೂರಿನಿಂದ," ಎಂದ ಹೆಡ್ ಕಾನ್‌ಸ್ಟೇಬಲ್ ರಾಮುಲು.

ಸೌಮ್ಯಾ ಅಳುತ್ತಿರಲಿಲ್ಲ. ಅತ್ತು ಮುಗಿಸಿ ಬಂದಿದ್ದಳೋ, ಅಳುವುದನ್ನು ಆಮೇಲೆ ನೋಡಿಕೊಳ್ಳೋಣ ಎಂದು ಇಟ್ಟಿದ್ದಳೋ. ಬರೆದು ತಂದ ದೂರನ್ನು ಮೇಜಿನ ಮೇಲಿಟ್ಟು ನಿಂತೇ ಇದ್ದಳು. ಸೂರ್ಯಕಾಂತನೂ ನಿಂತೇ ಕೇಳಿದ.

"ಕೇಳಬೇಕಾಗ್ತದ, ಬ್ಯಾಸರ ಮಾಡ್ಕೋಬ್ಯಾಡ್ರಿ ತಂಗಿ. ನಿಮ್ಮವರು ಕುಡೀತಿದ್ರೇನು?"

"ಕುಡೀತಿದ್ರು. ಹಬ್ಬಕ್ಕ, ಮದಿವಿಗಿ. ಸುಳ್ಳ ಯಾಕ ಹೇಳ್ಲಿ? ಆದ್ರ ಹಾರ್ಸೋ ದಿನ ಎರಡನೇ ಕಪ್ ಚಾ ಸೈತ ಮುಟ್ತಿದ್ದಿಲ್ಲ. ಕೈ ನಡುಗ್ತಾವಂತ."

"ಕಡೀಗಿ ಮಾತಾಡಿದ್ದು ಯಾವಾಗ?"

"ವಿಮಾನ ಹತ್ತೋ ಮುಂದ. ಕತ್ತಲಾಗ ಹೋಗಾಕ ಮನಸ್ಸಿಲ್ಲ, ಜೋರ್ ಮಾಡ್ಲತ್ತಾರ ಅಂದ್ರು. ಆಮ್ಯಾಲ ನಕ್ಕರು. ಆರ್ ದೀಪ ಕೇಳಿದ್ದೆ, ಏಳ್ ಹಾಕ್ಯಾರ ನೋಡು ಅಂದ್ರು."

"ಮತ್ತ?"

"ಬಾಜೂಕ ಯಾರೋ ಇದ್ರು. ಆ ಕಡೀ ದೀಪ ಯಾಕ ಸೊಟ್ಟ ಅದ ಅಂತ ಅವರಿಗಿ ಕೇಳಿದ್ರು. ಅವ್ರು, 'ಅದೂ ನಮ್ದೇ, ಚಿಂತಿ ಬಿಡ್ರಿ ಕ್ಯಾಪ್ಟನ್ ಸಾಬ್' ಅಂದಿದ್ದು ನನಗ ಸಾಫ್ ಕೇಳ್ಸಿತು. ಅಷ್ಟೇ. ಫೋನ್ ಇಟ್ಟರು."

"ಆತು. ಇನ್ನೇನಾದ್ರೂ ಅದ ಏನು?"

ಆಕೆ ಮೇಜಿನ ಮೇಲಿದ್ದ ದೂರಿನ ಮೇಲೆ ಬೆರಳಿಟ್ಟಳು. "ಕುಡುಕ ಅನ್ನೋ ಮಾತು ತೆಗೀರಿ ಸಾಹೇಬ್ರ. ಟೀವ್ಯಾಗ ಬಂದದ. ನಾರಾಯಣಖೇಡದಾಗ ನಮ್ಮತ್ತಿ ಮನಿ ಬಾಗಲಾ ಹಾಕ್ಕೊಂಡು ಕುಂತಾರ. ಮಗ ಸತ್ತಿದ್ದಕ್ಕ ಅಳಬೇಕೋ, ಮಂದಿ ಮಾತಿಗಿ ಅಳಬೇಕೋ ಗೊತ್ತಾಗವಲ್ದು ಅವರಿಗಿ. ಹೋದವರು ಬರಂಗಿಲ್ಲ, ಅದು ನನಗೂ ಗೊತ್ತು. ಆ ಮಾತಾದ್ರೂ ತೆಗೀರಿ."

ದೂರನ್ನು ತೆಲುಗಿನಲ್ಲಿ ಎಫ್‌ಐಆರ್‌ಗೆ ಇಳಿಸಿದ್ದಾಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 106, ನಿರ್ಲಕ್ಷ್ಯದಿಂದ ಸಾವು. ಆರೋಪಿಯ ಜಾಗ ಖಾಲಿ ಬಿಟ್ಟರು. ಅಷ್ಟರಲ್ಲಿ ಡಿಎಸ್‌ಪಿ ಸಾಹೇಬರ ಫೋನ್: ದೋಣಿಯವನ ಹೆಸರು ಬರೆದು ಸಂಜೆಯೊಳಗೆ ಕೋರ್ಟಿಗೆ ಹಾಜರು ಮಾಡಿ, ಇದನ್ನು ಎಳೆಯಬೇಡಿ. "ಎಸ್ ಸಾರ್," ಎಂದ ಸೂರ್ಯಕಾಂತ. ಫೋನ್ ಇಟ್ಟವನೇ ಮತ್ತೆ ಕೀಲಿ ತಿರುಗಿಸತೊಡಗಿದ.

"ಎಲ್ಲಿಗಿ ಸಾರ್?"

"ನೀರಿಗಿ. ಪಂಚನಾಮಾ ಮಾಡೋಣ ನಡಿ."

"ರಾತ್ರಿಯಿಂದ ಒಂದ್ ಕಪ್ ಚಾ ಕುಡಿದಿಲ್ರಿ ನೀವು. ಪೋಸ್ಟ್‌ಮಾರ್ಟಂ ನಿಮ್ಮದೇ ಮಾಡಬೇಕಾಗ್ತದ," ಎಂದು ಗೊಣಗುತ್ತಲೇ ರಾಮುಲು ಜೀಪು ಹತ್ತಿದ.

ಹಿನ್ನೀರು ಆ ಹೊತ್ತಿಗೆ ಎಷ್ಟು ಮುಗ್ಧವಾಗಿ ಬಿದ್ದಿತ್ತೆಂದರೆ ನೋಡಿದವರಿಗೆ ಸಿಟ್ಟೇ ಬರಬೇಕು. ವಿಮಾನವನ್ನು ಹಗ್ಗ ಹಾಕಿ ದಂಡೆಗೆ ಎಳೆದಿದ್ದರು. ಬಲಗಡೆಯ ತಗಡಿನ ದೋಣಿ ಮುಂಗಡೆಯಿಂದ ಸೀಳಿಕೊಂಡಿತ್ತು, ಸೀಳಿನಲ್ಲಿ ಕಲ್ಲಿನ ಪುಡಿ. ದಿಲ್ಲಿಯಿಂದ ವಿಮಾನ ಅಪಘಾತದ ತನಿಖಾಧಿಕಾರಿಗಳು ಬರುವವರಿದ್ದರು. ಎಂಜಿನ್ ಅವರ ಪಾಲು. ಸೂರ್ಯಕಾಂತನ ಪಾಲಿಗೆ ಉಳಿದಿದ್ದು ದೀಪಗಳು.

ಪಂಚರಿಬ್ಬರನ್ನು ಕೂಡಿಸಿಕೊಂಡು ದೋಣಿಯಲ್ಲಿ ಹೊರಟರು. ಒಂದೊಂದು ದೀಪವೆಂದರೆ ಮೋಟಾರ್ ಸೈಕಲ್ಲಿನ ಗಾಳಿ ತುಂಬಿದ ಟ್ಯೂಬು, ಅದರ ಮೇಲೆ ಬಿಗಿದ ಚಾರ್ಜಿಂಗ್ ಲೈಟು. ಜಹೀರಾಬಾದಿನ ಬಜಾರಿನಲ್ಲಿ ಎಲ್ಲ ಅಂಗಡಿಯಲ್ಲೂ ತೂಗುಹಾಕಿರುತ್ತಾರಲ್ಲ, ಅಂಥದೇ. ಸಾಲಿನಲ್ಲಿ ಆರು. ಆರಕ್ಕೂ ಹೊಸ ನೀಲಿ ಹಗ್ಗ, ಕೆಳಗೆ ಭಾರಕ್ಕೆ ಉಸುಕಿನ ಚೀಲ. ಪೈಲಟ್ ಈ ಸಾಲನ್ನು ಎಡಕ್ಕೆ ಇಟ್ಟುಕೊಂಡು ವಿಮಾನ ಓಡಿಸಬೇಕು. ಕೊನೆಯ ದೀಪದೊಳಗೆ ವಿಮಾನ ನೀರು ಬಿಡದಿದ್ದರೆ ಅಲ್ಲಿಗೇ ನಿಲ್ಲಿಸಬೇಕು.

ಅದರಾಚೆ, ಸಾಲಿನಿಂದ ತುಸು ಬಲಕ್ಕೆ, ಇನ್ನೊಂದು ಟ್ಯೂಬು ತೇಲುತ್ತಿತ್ತು. ಅದೇ ಬಗೆಯ ಲೈಟು. ಹಗ್ಗ ಮಾತ್ರ ಹಳೆಯ ಬಲೆಯ ಕಪ್ಪು ಹಗ್ಗ. ರಾಮುಲು ಎಳೆದ. ಕೆಳಗಿನಿಂದ ಉಸುಕಿನ ಚೀಲ ಬರಲಿಲ್ಲ, ಬೀಸುಕಲ್ಲಿನ ಅರ್ಧ ಹೋಳು ಬಂತು.

ಅಲ್ಲಿಂದ ಬಲಕ್ಕೆ ಮಾರು ದೂರದಲ್ಲಿ, ದೋಣಿ ನಡೆಸುತ್ತಿದ್ದ ಮೀನುಗಾರ ಹುಟ್ಟು ಇಳಿಬಿಟ್ಟು ತೋರಿಸಿದ. ಹುಟ್ಟು ಟಣ್ ಎಂದಿತು. ಅಣೆಕಟ್ಟು ಕಟ್ಟಿದಾಗ ಮುಳುಗಿದ ಹಳೇ ಊರಿನ ಹನುಮಂತ ದೇವರ ಗುಡಿಯ ಕಲ್ಲುಕಂಬ. ಬೇಸಿಗೆಯಲ್ಲಿ ಮೈ ತೋರಿಸುತ್ತದೆ, ನೀರು ತುಂಬಿದಾಗ ಒಂದು ಗೇಣು ಕೆಳಗೆ ಅಡಗಿರುತ್ತದೆ. ಕಂಬದ ನೆತ್ತಿ ಹೊಸದಾಗಿ ಕೆತ್ತಿಹೋಗಿತ್ತು, ಬಿಳಿ ಬಣ್ಣ ಮೆತ್ತಿಕೊಂಡಿತ್ತು. ಪೈಲಟ್ ಏಳನೆಯ ದೀಪವನ್ನೂ ಸಾಲಿನದೇ ಎಂದು ನಂಬಿ, ಅದನ್ನೂ ಎಡಕ್ಕೆ ಹಾಕಿಕೊಂಡು, ಪೂರಾ ವೇಗದಲ್ಲಿ ಇದರ ಮೇಲೆ ಬಂದಿದ್ದಾನೆ. ಪಂಚನಾಮಾದಲ್ಲಿ ಅದನ್ನೆಲ್ಲ ಬರೆಸಿ ಸಹಿ ಹಾಕಿಸಿದರು.

ದಂಡೆಯ ಡೇರೆಯಲ್ಲಿ ಶಿವಶಂಕರಪ್ಪ ಕುರ್ಚಿ ಒರೆಸಿ ಮುಂದಿಟ್ಟ. ಜಹೀರಾಬಾದಿನ ವ್ಯಾಪಾರಿ ಮನೆತನದವನು, ಹಣೆಯ ಮೇಲೆ ವಿಭೂತಿ, ಇಸ್ತ್ರಿ ಮುರಿಯದ ಅಂಗಿ. ಸೂರ್ಯಕಾಂತ ಕುರ್ಚಿಯ ಬೆನ್ನು ಹಿಡಿದು ನಿಂತ.

"ದೀಪ ಎಷ್ಟು ಹಾಕಿಸಿದ್ರಿ?"

"ಆರು. ದತ್ತುನೇ ಹಾಕಿದ. ವಿಮಾನ ಎಬ್ಬಿಸೋ ನೀರಿನ ತೆರೀಗಿ ಮೀನಿನ ಬಲಿ ಹರೀತಾವಂತ ಅವನಿಗೂ ಪೈಲಟಗೂ ಹೋದ ವಾರ ಜಗಳ ಆಗಿತ್ತು. ಎಲ್ಲಾರೂ ನೋಡ್ಯಾರ."

"ಏಳನೇದು?"

"ಅದೂ ಅವನದೇ ಕಿತಾಪತಿ ಇರಬೇಕ್ರಿ."

"ಪೈಲಟ್ ವಿಮಾನ ಹತ್ತೋ ಮುಂದ ನೀವೆಲ್ಲಿದ್ರಿ?"

"ಡೇರ್ಯಾಗ. ಊಟ ಮಾಡ್ಲತ್ತಿದ್ದೆ. ದಂಡಿಗಿ ಹೋಗೇ ಇಲ್ಲ." ಅವನು ನೀರಿನ ಬಾಟಲಿ ಮುಂದೆ ಮಾಡಿದ. "ನಿಮಗ ಏನ್ ಮದತ್ ಬೇಕೋ ಹೇಳ್ರಿ, ಎಲ್ಲಾ ನಾ ನೋಡ್ಕೋತೀನಿ. ಚಿಂತಿ ಬಿಡ್ರಿ ಇನ್‌ಸ್ಪೆಕ್ಟರ್ ಸಾಬ್."

ಸೂರ್ಯಕಾಂತನ ಕೈಯಲ್ಲಿ ತಿರುಗುತ್ತಿದ್ದ ಕೀಲಿ ನಿಂತಿತು. ರಾಮುಲು ಒಮ್ಮೆ ಕೆಮ್ಮಿ ಹೊರಗೆ ನೋಡಿದ.

ಚಿಂತೆ ಬಿಡಿ ಎಂದು ಈ ಸೀಮೆಯಲ್ಲಿ ನೂರು ಜನ ಅಂದಾರು, ಅದನ್ನೇ ಹಿಡಿದು ಕೈಗೆ ಬೇಡಿ ಹಾಕಲಾಗುವುದಿಲ್ಲ. ಮೊದಲು ಬೀಸುಕಲ್ಲು. ಠಾಣೆಗೆ ಬಂದವನೇ ಸೂರ್ಯಕಾಂತ ದತ್ತುವಿನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ದೀಪ ಎಷ್ಟು ಹಾಕಿದಿ?"

"ಏಳ್ರಿ."

"ಎಲ್ಲಾ ನೀನೇ?"

"ನಾನೇ ರೀ. ನನ್ನ ಮ್ಯಾಲೇ ಬರ್ಕೋರಿ."

"ಭಾರಕ್ಕ ಏನ್ ಕಟ್ಟಿದಿ?"

"ಉಸುಕಿನ ಚೀಲ."

"ಏಳಕ್ಕೂ?"

"ಹೂಂ ರೀ. ಏಳಕ್ಕೂ."

"ಬೀಸುಕಲ್ಲು ಯಾರ ಮನೀದಪಾ ಮತ್ತ?"

ದತ್ತು ಮೂವತ್ತರ ಗಟ್ಟಿ ಆಳು, ಕೆಳತುಟಿ ಕಚ್ಚಿಕೊಂಡು ನೆಲ ನೋಡಿದ. ಕಣ್ಣಿಂದ ನೀರು ತೊಟ್ಟಿಕ್ಕಿದಾಗ ಒರೆಸಿಕೊಳ್ಳಲೂ ಇಲ್ಲ. "ಕೇಳಬ್ಯಾಡ್ರಿ ಸಾಹೇಬ್ರ. ಒಳಗ ಹಾಕ್ರಿ ನನಗ. ನಿಮ್ಮ ಕಾಲಿಗಿ ಬೀಳ್ತೀನಿ," ಎಂದ.

ತಾನು ಸೆರೆಮನೆಗೆ ಹೋಗುತ್ತೇನೆಂದು ಅವಸರ ಮಾಡುವ ಆರೋಪಿಯನ್ನು ಸೂರ್ಯಕಾಂತ ನೋಡಿದ್ದು ಕಡಿಮೆ. ನೋಡಿದಾಗಲೆಲ್ಲ ಬೆನ್ನ ಹಿಂದೆ ಬೇರೊಬ್ಬರು ಇದ್ದೇ ಇದ್ದರು.

ದತ್ತುವಿನ ಮನೆ ದಂಡೆಯ ಮೇಲಿನ ಹೊಸ ಊರಿನಲ್ಲಿ. ಅವನ ತಾಯಿ ಬಂಡಮ್ಮ ಅಂಗಳದಲ್ಲಿ ಬಲೆ ಬಿಡಿಸುತ್ತಿದ್ದಳು. ಗೋಡೆಯ ಬದಿಗೆ ಬೀಸುಕಲ್ಲಿನ ಇನ್ನೊಂದು ಹೋಳು ಬಿದ್ದಿತ್ತು. ಕೋಳಿಗೆ ನೀರಿಡಲು ಬಳಸುತ್ತಿದ್ದರು.

"ಅವ್ವಾ, ಇದರ ಜೋಡಿ ಎಲ್ಲದ?"

"ಕಂಬದ ಬಾಜೂಕ," ಎಂದಳು ಮುದುಕಿ, ಇದೂ ಒಂದು ಕೇಳುವ ಮಾತೇ ಎನ್ನುವಂತೆ. "ದೀಪಕ್ಕ ಕಟ್ಟೀನಿ. ನನ್ನ ಮಗನ್ನ ಯಾಕ ಒಯ್ದೀರಿ ನೀವು?"

"ಆ ದೀಪ ನೀ ಯಾಕ ಇಟ್ಟಿ?"

"ಯಾಕ ಅಂದ್ರ? ಕತ್ತಲಾಗ ವಿಮಾನ ಹೊಂಟದ ಅಂತ ದತ್ತು ಅಂದ. ಆ ಪೋರಗ ಕಂಬ ಅದ ಅಂತ ಗೊತ್ತಿಲ್ಲ. ನೀರಾಗ ಕಲ್ಲಿದ್ದಲ್ಲಿ, ಬಲಿ ಇದ್ದಲ್ಲಿ ನಾವು ದೀಪ ಇಡ್ತೀವಿ. ದೀಪ ಕಂಡ್ರ ಮಂದಿ ದೂರ ಹೋಗ್ತಾರ. ನಮ್ಮ ಮನಿಯವ್ರು ಸತ್ತಿದ್ದು ಅದೇ ಕಂಬಕ್ಕ ಬಡದು. ಅವತ್ತ ಯಾರೂ ದೀಪ ಇಟ್ಟಿದ್ದಿಲ್ಲ." ಆಕೆ ಬಲೆ ಕೆಳಗಿಟ್ಟಳು. "ಖರೆ ಹೇಳ್ರಿ ಸಾಹೇಬ್ರ, ದೀಪ ಇಟ್ರೂ ಅಂವ ಅದರ ಮ್ಯಾಲೇ ಯಾಕ ಹೋದ? ದೀಪ ಇದ್ದ ಕಡಿ ಯಾರಾದ್ರೂ ಹೋಗ್ತಾರೇನು?"

ನೀರಿನ ಮಂದಿಗೆ ದೀಪವೆಂದರೆ ಇಲ್ಲಿಗೆ ಬರಬೇಡ. ವಿಮಾನದವನಿಗೆ ದೀಪವೆಂದರೆ ಇದೇ ದಾರಿ. ಮಗನಿಗೆ ಅದು ರಾತ್ರಿಯೇ ಹೊಳೆದಿತ್ತು, ತಾಯಿಗೆ ಇನ್ನೂ ಹೊಳೆದಿರಲಿಲ್ಲ. ಅದು ಹೊಳೆಯಬಾರದೆಂದೇ ಆ ಮಗ ಒಳಗೆ ಕೂತಿದ್ದ. ಸೂರ್ಯಕಾಂತ ಅಂಗಳದ ತುದಿಯತನಕ ಹೋಗಿ ಮತ್ತೆ ತಿರುಗಿ ಬಂದ.

"ದೀಪ ಇಟ್ಟಿದ್ದು ಯಾರಿಗಾದ್ರೂ ಹೇಳಿದ್ಯೇನು?"

"ಹೇಳ್ದೆ ಬಿಡ್ತೀನೇನು! ಡೇರಿಗಿ ಹೋಗಿ ಆ ವಿಭೂತಿ ಹಚ್ಕೊಂಡ ಸಾವಕಾರಗ ಹೇಳೀನಿ. ಕಂಬದ ಬಾಜೂಕ ದೀಪ ಇಟ್ಟೀನ್ರಿ, ಅದರ ಕಡಿ ಬರಬ್ಯಾಡ ಅಂತ ವಿಮಾನದಂವಗ ಹೇಳ್ರಿ ಅಂದೆ. ಹೂಂ ಹೋಗವ್ವ, ಚಿಂತಿ ಬಿಡು ಅಂದ. ಸಾಯಮ್ಮ ಅಲ್ಲೇ ರೊಟ್ಟಿ ಬಡೀತಿದ್ದಳು, ಆಕಿಗಿ ಕೇಳ್ರಿ."

ಡೇರೆಯ ಅಡುಗೆಯ ಸಾಯಮ್ಮ ಮೊದಲು ಬಾಯಿ ಬಿಡಲಿಲ್ಲ. ನೌಕರಿ ಹೋಗುತ್ತದೆಂಬ ಹೆದರಿಕೆ. ರಾಮುಲು ತೆಲುಗಿನಲ್ಲಿ ಊರು ಕೇರಿ ಎಲ್ಲ ವಿಚಾರಿಸಿ, ಪೆದ್ದೆಮುಲ್ ಹತ್ತಿರದ ತನ್ನ ಅತ್ತೆಮನೆಯ ನಂಟು ತೆಗೆದು, ಅವಳ ಕೈಯ ರೊಟ್ಟಿಯನ್ನೂ ತಿಂದು ಹೊಗಳಿದ ಮೇಲೆ ಬಿಟ್ಟಳು.

"ಬಂಡಮ್ಮ ಬಂದಿದ್ದು ಖರೆ. ಹೇಳಿದ್ದೂ ಖರೆ. ಆಕಿ ಹೋದ ಮ್ಯಾಲ ಮ್ಯಾನೇಜರ್ ದಂಡಿಗಿ ಹೋದ್ರು. ಊಟ ಹಂಗೇ ತಣ್ಣಗಾತು."

"ಬಾಟಲಿ?"

ಸಾಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಅದು ಮಾಲಕರ ಮಂದಿ ಮಧ್ಯಾಹ್ನ ಕುಡಿದಿದ್ದು ರೀ. ನಾನೇ ಎತ್ತಿ ಪೆಟಿಗ್ಯಾಗ ಇಟ್ಟಿದ್ದೆ. ಹೆಣ ತೆಗೆದ ಮ್ಯಾಲ ಮ್ಯಾನೇಜರ್ ಬಂದು ಒಯ್ದರು. ಪೈಲಟ್ ಸಾರ್ ನನ್ನ ಕೈಯಾಗಿನ ಮಜ್ಜಿಗಿ ಕುಡಿದು ಹೋದವ್ರು. ಕುಡುಕ ಅಂತ ಟೀವ್ಯಾಗ ಬಂದಾಗ ನನ್ನ ಕರಳು ಕಿತ್ತು ಬಂತು. ನನ್ನ ಬಾಯಿಗಿ ಮಣ್ಣು ಬೀಳ್ಲಿ, ಸುಮ್ಮನಿದ್ದೆ."

ದವಾಖಾನೆಯಿಂದ ಡಾಕ್ಟರರ ಫೋನೂ ಬಂತು. ದೇಹದಲ್ಲಿ ಕುಡಿದ ಕುರುಹು ಕಾಣಲಿಲ್ಲ, ರಕ್ತದ ಮಾದರಿ ಲ್ಯಾಬಿಗೆ ಕಳಿಸಿದೆ ಎಂದರು. ಸೂರ್ಯಕಾಂತ ಡಿಎಸ್‌ಪಿಗೆ ವಿಷಯ ತಿಳಿಸಿದ. "ಸರಿ, ನೋಡ್ಕೊಂಡು ಮಾಡಿ," ಎಂದು ಅವರು ಫೋನಿಟ್ಟರು.

ನೋಡಿಕೊಳ್ಳಲು ಶಿವಶಂಕರಪ್ಪ ಡೇರೆಯಲ್ಲಿ ಇರಬೇಕಲ್ಲ! ಊರಿಗೆ ಹೋಗಿ ಬರುತ್ತೇನೆಂದು ಹೊರಟವನ ಫೋನ್ ಬಂದ್. ಜಹೀರಾಬಾದಿನ ಮನೆಗೆ ಬೀಗ. ಫೋನಿನ ಕೊನೆಯ ಟವರ್ ತಾಂಡೂರು ಎಂದು ತಿಳಿದಾಗ ರಾಮುಲು ಹಲ್ಲು ಕಿರಿದ. "ಅವನ ಹೇಂತಿ ತವರಮನಿ ಸಾರ್. ನಮ್ಮ ಸೀಮ್ಯಾಗ ಗಂಡಸು ಹೆದರಿದ್ರ ಮತ್ತೆಲ್ಲಿಗಿ ಹೋಗ್ತಾನ?"

ತಾಂಡೂರು ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು. ಮಾವನದು ಹಾಸುಗಲ್ಲು ಪಾಲಿಶ್ ಮಾಡುವ ಕಾರ್ಖಾನೆ. ಯಂತ್ರಗಳ ಕರ್ಕಶ, ಎಲ್ಲದರ ಮೇಲೂ ಹಿಟ್ಟಿನಂತೆ ಕಲ್ಲುಪುಡಿ. ಶಿವಶಂಕರಪ್ಪ ಹಿಂದಿನ ಶೆಡ್ಡಿನಲ್ಲಿ ಹಾಸುಗಲ್ಲಿನ ರಾಶಿಯ ಮೇಲೆ ಕೂತಿದ್ದ. ಪೊಲೀಸರನ್ನು ಕಂಡು ಓಡಲಿಲ್ಲ. ಅಂಗಿಯ ಇಸ್ತ್ರಿ ಮುರಿದಿತ್ತು.

"ಏಳನೇ ದೀಪ ಯಾರದು ಅಂತ ನಿಮಗ ಗೊತ್ತಿತ್ತು," ಎಂದ ಸೂರ್ಯಕಾಂತ.

"ಇಲ್ರಿ."

"ಬಂಡಮ್ಮ ಹೇಳಿದ್ದು ಸಾಯಮ್ಮ ಕೇಳ್ಯಾಳ."

"ಅಡಗಿ ಹೆಂಗಸಿನ ಮಾತು ಕೋರ್ಟಿನಾಗ ನಿಲ್ತದೇನ್ರಿ?"

"ಪೈಲಟನ ಹೇಂತಿ ಫೋನಿನಾಗ ಇದ್ದಳು. ಅದೂ ನಮ್ದೇ, ಚಿಂತಿ ಬಿಡ್ರಿ ಕ್ಯಾಪ್ಟನ್ ಸಾಬ್ ಅಂದಿದ್ದು ಪೂರಾ ಕೇಳ್ಯಾಳ. ದನಿ ಗುರ್ತಿಸ್ತಾಳ. ಇನ್ನೂ ಡೇರ್ಯಾಗ ಊಟ ಮಾಡ್ಲತ್ತಿದ್ರೇನು ನೀವು?"

ಶಿವಶಂಕರಪ್ಪನ ಮುಖ ಕಲ್ಲುಪುಡಿಗಿಂತ ಬಿಳಿಚಿತು.

"ಅಂವ ಒಲ್ಲೆ ಅಂದಿದ್ದ ರೀ," ಎಂದ ಕೊನೆಗೆ. "ಬೆಳಗಾಗ್ಲಿ ಹೋಗ್ತೀನಿ ಅಂದ. ಬೆಳಿಗ್ಗೆ ಹೈದರಾಬಾದಿನಾಗ ಮಾಲಕರು ದೊಡ್ಡ ಮಂದಿನ್ನ ಕರ್ದಿದ್ರು, ಅವರು ಏಳೋದರಾಗ ವಿಮಾನ ಅಲ್ಲಿ ಇರಬೇಕು. ಇರ್ತದ ಅಂತ ನಾ ಮಾತು ಕೊಟ್ಟಿದ್ದೆ. ಆಗೋಲ್ಲಂತ್ರಿ ಅಂತ ಫೋನ್ ಮಾಡಿದ್ರ, ಎಲ್ಲಾರ ಮುಂದ ಸ್ಪೀಕರ್ ಹಚ್ಚಿ, ಇಷ್ಟೂ ಆಗಲ್ಲೇನೋ ನಿನ್ನ ಕೈಲಿ ಅಂದ್ರು. ಮಂದಿ ನಕ್ಕರು. ಹ್ಯಾಂಗೋ ಮಾಡಿ ಪೈಲಟನ್ನ ಒಪ್ಪಿಸ್ದೆ. ಅಷ್ಟರಾಗ ಆ ಮುದುಕಿ ಬಂತು, ನೀರಾಗ ಕಂಬ ಅದ ಅಂತ. ಅದು ಹೇಳಿದ್ರ ಅಂವ ಇಳಿದೇ ಬಿಡ್ತಿದ್ದ."

"ಅದಕ್ಕ ಹೇಳಲಿಲ್ಲ."

"ಆರನೇ ದೀಪದೊಳಗ ಎದ್ದೇ ಏಳ್ತಾನ ಅಂದ್ಕೊಂಡೆ. ದೇವ್ರಾಣಿ."

"ಬಾಟಲಿ?"

ಅವನು ಅಂಗಿಗೆ ಮೆತ್ತಿದ ಕಲ್ಲುಪುಡಿ ಕೊಡವಿಕೊಳ್ಳತೊಡಗಿದ. ಸಂಜೆ 5.40ಕ್ಕೆ ದಸ್ತಗಿರಿ ಮೆಮೊ ಬರೆದು, ಮಾವನ ಸಹಿ ತೆಗೆದುಕೊಂಡು ಜೀಪು ಹತ್ತಿಸಿದರು. ಕಲಂ ಬದಲಾಯಿತು: 105, ಕೊಲೆಯಲ್ಲದ ನರಹತ್ಯೆ. ಜೊತೆಗೆ ಸುಳ್ಳು ಸಾಕ್ಷ್ಯ ಸೃಷ್ಟಿಸಿದ್ದು. ರಾತ್ರಿ ಹಾರಾಟಕ್ಕೆ ಒತ್ತಾಯಿಸಿದ ಮಾಲಕನಿಗೂ ನೋಟಿಸು ಹೋಯಿತು. ಕೇಸ್ ಡೈರಿಯಲ್ಲಿ ಕಾರಣ ಬರೆಯುವಲ್ಲಿ ಸೂರ್ಯಕಾಂತ ಪೆನ್ನು ಹಿಡಿದು ಬಹಳ ಹೊತ್ತು ನಿಂತ. ದ್ವೇಷವಿಲ್ಲ, ಲಾಭವಿಲ್ಲ. ದೊಡ್ಡವರ ಮುಂದೆ 'ಆಗುವುದಿಲ್ಲ' ಎಂದು ಎರಡನೇ ಸಲ ಹೇಳಲು ಆರೋಪಿಗೆ ನಾಚಿಕೆಯಾಯಿತು, ಎಂದು ಬರೆದ. ಓದಿದ ರಾಮುಲು, "ಇದಕ್ಕ ಯಾವ ಕಲಂ ಸಾರ್?" ಎಂದ.

ಮರುದಿನ ಬೆಳಿಗ್ಗೆ ಸೌಮ್ಯಾ ಹೇಳಿಕೆಗೆ ಸಹಿ ಹಾಕಲು ಬಂದಳು. ಪೈಲಟ್ ಕುಡಿದಿರಲಿಲ್ಲ ಎಂದು ಠಾಣೆಯಿಂದ ಪತ್ರಿಕೆಯವರಿಗೆ ಕೊಟ್ಟ ಮಾಹಿತಿಯನ್ನು ಸೂರ್ಯಕಾಂತ ಅವಳ ಮುಂದೆ ಓದಿದ. ಆಕೆ ಇನ್ನೊಮ್ಮೆ ಓದಿರೆಂದಳು. ಇನ್ನೊಮ್ಮೆ ಓದಿದ. ಆಗ ಅತ್ತಳು, ಬಾಯಿಗೆ ಸೆರಗು ಇಟ್ಟುಕೊಂಡು, ಎರಡು ದಿನದ್ದನ್ನು ಒಟ್ಟಿಗೇ.

ಬಾಗಿಲಲ್ಲಿ ಬಂಡಮ್ಮ ನಿಂತಿದ್ದಳು. ಬಿಡುಗಡೆಯಾದ ದತ್ತು ಹಿಂದಿನಿಂದ ರಟ್ಟೆ ಹಿಡಿದು ಎಳೆಯುತ್ತಿದ್ದ. "ಬಾ ಯವ್ವ, ಮನಿಗಿ ಹೋಗೋಣ ಬಾ." ಆಕೆ ಕೊಸರಿಕೊಂಡು ಒಳಗೆ ಬಂದು ಎರಡೂ ಕೈ ಮುಂದೆ ಚಾಚಿದಳು. ಊರಲ್ಲಿ ಯಾರೋ ಹೇಳಿದ್ದರು. ಹೇಳುವವರಿಗೇನು ಬರ.

"ನನಗೂ ಒಳಗ ಹಾಕ್ರಿ ಸಾಹೇಬ್ರ. ಆ ಪೋರ ನನ್ನ ದೀಪ ನೋಡೇ ಬಂದನಂತ. ನಾನೇ ಕೊಂದೀನಿ."

ದತ್ತು ಗೋಡೆಯ ಕಡೆ ಮುಖ ಮಾಡಿದ. ಸೂರ್ಯಕಾಂತ ಕಾನೂನಿನ ಮಾತು ಹೇಳಲು ಹೋದ. ನಿನ್ನ ಮೇಲೆ ಕೇಸಿಲ್ಲ ಅವ್ವಾ, ನೀನು ಹೇಳಿದ್ದನ್ನು ಅವನು ಮುಟ್ಟಿಸಲಿಲ್ಲ ಎಂದು. ಮುದುಕಿಯ ಕೈ ಕೆಳಗಿಳಿಯಲಿಲ್ಲ. ಆಕೆ ನೋಡುತ್ತಿದ್ದುದು ಇನ್‌ಸ್ಪೆಕ್ಟರನನ್ನಲ್ಲ, ಬೆಂಚಿನ ಮೇಲಿದ್ದ ಹೆಣ್ಣುಮಗಳನ್ನು.

ಸೌಮ್ಯಾ ಎದ್ದಳು. ಏನು ಮಾಡುತ್ತಾಳೋ ಎಂದು ರಾಮುಲು ಒಂದು ಹೆಜ್ಜೆ ಮುಂದೆ ಬಂದ. ಆಕೆ ಮುದುಕಿಯ ಎರಡೂ ಕೈ ಹಿಡಿದು ಕೆಳಗಿಳಿಸಿದಳು, ಬಿಡಲಿಲ್ಲ.

"ಅಷ್ಟು ಮಂದಿ ಇದ್ರು ಅಲ್ಲಿ," ಎಂದಳು. "ಎಲ್ಲಾರಿಗೂ ವಿಮಾನದ ಚಿಂತಿ. ನಮ್ಮನಿಯವರ ಚಿಂತಿ ಮಾಡಿದಾಕಿ ನೀ ಒಬ್ಬಾಕಿ, ಯವ್ವ."

ಬಂಡಮ್ಮ ಹೋ ಎಂದು ಅತ್ತಳು. ಬಹಳ ಹೊತ್ತಿನ ಮೇಲೆ, ದತ್ತು ತಂದುಕೊಟ್ಟ ನೀರು ಕುಡಿದು, ಸೂರ್ಯಕಾಂತನ ಕಡೆ ತಿರುಗಿದಳು.

"ಇನ್ನ ಆ ಕಂಬಕ್ಕ ದೀಪ ಇಡಬೇಕೋ ಬ್ಯಾಡೋ?"

ರಾಮುಲು ಇನ್‌ಸ್ಪೆಕ್ಟರನ ಮುಖ ನೋಡಿದ. ಸೂರ್ಯಕಾಂತ ಎರಡು ದಿನದ ಮೇಲೆ ಮೊದಲ ಸಲ ಕುರ್ಚಿ ಎಳೆದುಕೊಂಡು ಕೂತ.

"ಇಡು ಅವ್ವಾ," ಎಂದು ಸೌಮ್ಯಾಳೇ ಹೇಳಿದಳು. "ನೀ ಇಡೋದು ಬಿಡಬ್ಯಾಡ."